ಕಾಗದ, ಮಸಿ, ಯಂತ್ರ: ಒಡನಾಟದ ರೋಬೋಟುಗಳ ಇತಿಹಾಸ ಮತ್ತು ಸಭೆಯ ಸಾನ್ನಿಧ್ಯ ಸೇವೆ

ಯೋಹಾನನ ಎರಡನೆಯ ಪತ್ರಿಕೆ 13 ವಚನಗಳ ಚಿಕ್ಕ ಬರಹ. ಅದರ ಕೊನೆಯಲ್ಲಿ ಸಭೆಯ ಹಿರಿಯನು ಒಂದು ಮಾತು ಹೇಳುತ್ತಾನೆ: ತಿಳಿಸಬೇಕಾದದ್ದು ಇನ್ನೂ ಬಹಳವಿದ್ದರೂ ಅದನ್ನೆಲ್ಲ ಕಾಗದಕ್ಕೂ ಮಸಿಗೂ ಒಪ್ಪಿಸಲು ತನಗೆ ಮನಸ್ಸಿಲ್ಲ, ತಾನೇ ಬಂದು ಎದುರೆದುರಾಗಿ ಮಾತಾಡಬೇಕೆಂಬ ನಿರೀಕ್ಷೆ ತನಗಿದೆ. ಮೂರನೆಯ ಪತ್ರಿಕೆಯ ಕೊನೆಯಲ್ಲಿಯೂ ಇದೇ ಹಂಬಲ ಮರುಕಳಿಸುತ್ತದೆ. ಕಾಗದ ಮತ್ತು ಮಸಿ ಆ ಕಾಲದ ಸಂಪರ್ಕ ಸಾಧನಗಳು. ಹಿರಿಯನು ಅವನ್ನು ತಿರಸ್ಕರಿಸಲಿಲ್ಲ, ಉಪಯೋಗಿಸಿದನು. ಆದರೆ ಅವು ತನ್ನ ಬರುವಿಕೆಗೆ ಬದಲಿಯಾಗಲು ಅವನು ಬಿಡಲಿಲ್ಲ. ಪತ್ರವೆಂಬುದು ಬರೆದವನು ಇಲ್ಲಿಲ್ಲವೆಂಬುದನ್ನು ಒಪ್ಪಿಕೊಳ್ಳುವ ಸಾಧನ. ಅದು ಕೈಗೆ ಬಂದಾಗ ನಾವು ಕಾಗದವನ್ನು ಪ್ರೀತಿಸುವುದಿಲ್ಲ. ಅದರ ಆಚೆಗಿರುವ ವ್ಯಕ್ತಿಯನ್ನು ಪ್ರೀತಿಸುತ್ತೇವೆ.

ನಮ್ಮ ಕಾಲದಲ್ಲಿ ಬೇರೊಂದು ಬಗೆಯ ಸಾಧನಗಳು ಮನೆ, ಆಸ್ಪತ್ರೆ, ವೃದ್ಧಾಶ್ರಮ ಹಾಗೂ ಆರಾಧನಾ ಸ್ಥಳಗಳನ್ನು ಪ್ರವೇಶಿಸುತ್ತಿವೆ. ಇವನ್ನು ಸಾಮಾಜಿಕ ರೋಬೋಟುಗಳೆಂದು ಕರೆಯುವ ರೂಢಿಯಿದೆ. ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಯಂತ್ರತೋಳಿಗೆ ಮುಖ ಬೇಕಾಗಿಲ್ಲ. ಆದರೆ ಮನುಷ್ಯರೊಡನೆ ಒಡನಾಡುವುದಕ್ಕೆಂದೇ ನಿರ್ಮಿತವಾದ ಯಂತ್ರಕ್ಕೆ ಕಣ್ಣು, ಧ್ವನಿ, ಹಾವಭಾವ, ಹೆಸರು ಇವೆಲ್ಲವನ್ನೂ ಯಾರೋ ಒಬ್ಬರು ಆಲೋಚಿಸಿ ಆರಿಸಿ ಕೊಟ್ಟಿರುತ್ತಾರೆ. ದೈವಶಾಸ್ತ್ರದ ಚರ್ಚೆಗಳಲ್ಲಿ ಇಂಥ ಯಂತ್ರಗಳ ಪ್ರಸ್ತಾಪ ಬಂದೊಡನೆ, ಅವುಗಳಿಗೆ ಆತ್ಮವಿರಬಹುದೇ, ದೇವರ ಸ್ವರೂಪದಲ್ಲಿ ಪಾಲುಂಟೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಈ ಲೇಖನವು ಆ ಪ್ರಶ್ನೆಯನ್ನು ಬದಿಗಿರಿಸಿ, ಇತಿಹಾಸಕಾರನು ಕೇಳಬಹುದಾದ ಸರಳ ಪ್ರಶ್ನೆಯನ್ನು ಕೇಳುತ್ತದೆ: ಯಂತ್ರಕ್ಕೆ ಇಂಥದೇ ರೂಪವನ್ನು ಕೊಟ್ಟವರು ಯಾರು, ಏಕೆ ಕೊಟ್ಟರು, ಅದರ ಸುತ್ತ ಬದುಕಿದ ಜನರಲ್ಲಿ ಏನು ಬದಲಾಯಿತು? ಈ ದಾರಿಯಲ್ಲಿ ನಡೆದರೆ ಒಂದು ಭೇದ ಸ್ಪಷ್ಟವಾಗುತ್ತದೆ. ಕೆಲವು ಯಂತ್ರಗಳು ಪತ್ರದಂತೆ ಒಬ್ಬ ವ್ಯಕ್ತಿಯ ಕಡೆಗೆ ಬೆರಳು ತೋರಿಸುತ್ತವೆ. ಇನ್ನು ಕೆಲವು, ಯಾರೂ ಇಲ್ಲದ ಕಡೆಯಲ್ಲಿ ಯಾರೋ ಇದ್ದಾರೆಂಬ ಭಾವನೆಯನ್ನು ಹುಟ್ಟಿಸುತ್ತವೆ. ಸಭೆಯ ವಿವೇಚನೆ ಇರಬೇಕಾದದ್ದು ಈ ಭೇದದಲ್ಲಿ.

ಮರದ ಸನ್ಯಾಸಿಯೂ ಬಾಕ್ಸ್‌ಲಿಯ ಶಿಲುಬೆಯೂ

ಮನುಷ್ಯನಂತೆ ಚಲಿಸುವ ಯಂತ್ರದ ಇತಿಹಾಸ ಪ್ರಯೋಗಾಲಯದಲ್ಲಿ ಮಾತ್ರವಲ್ಲದೆ ದೇವಾಲಯದ ಆವರಣದಲ್ಲಿಯೂ ಬೆಳೆದಿದೆ ಎಂಬುದನ್ನು ನಾವು ಮರೆಯುವಂತಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ 16ನೆಯ ಶತಮಾನದ ಒಂದು ಯಂತ್ರಸನ್ಯಾಸಿ ಇದೆ. ಎತ್ತರ ಸುಮಾರು 40 ಸೆಂಟಿಮೀಟರ್. ಕೀಲಿ ತಿರುಗಿಸಿದರೆ ಒಳಗಿನ ಸುರುಳಿಯ ಬಲದಿಂದ ಅದು ಮುಂದೆ ಸಾಗುತ್ತದೆ; ಒಂದು ಕೈಯಿಂದ ಎದೆಯನ್ನು ಬಡಿದುಕೊಳ್ಳುತ್ತದೆ; ಇನ್ನೊಂದು ಕೈಯಲ್ಲಿ ಶಿಲುಬೆಯನ್ನೂ ಜಪಮಾಲೆಯನ್ನೂ ಎತ್ತಿ ಇಳಿಸುತ್ತದೆ; ಕಣ್ಣು ಹೊರಳಿಸುತ್ತದೆ; ಶಬ್ದವಿಲ್ಲದೆ ತುಟಿಗಳನ್ನು ಆಡಿಸುತ್ತದೆ. ಇದನ್ನು ಸ್ಪೇನಿನ ರಾಜ 2ನೆಯ ಫಿಲಿಪನ ಆಸ್ಥಾನದಲ್ಲಿದ್ದ ಗಡಿಯಾರ ತಜ್ಞ ಹ್ವಾನೆಲೊ ತುರ್ರಿಯಾನೊ ನಿರ್ಮಿಸಿರಬೇಕೆಂಬ ಸಂಪ್ರದಾಯವಿದೆ. 1562ರಲ್ಲಿ ರಾಜಕುಮಾರ ಡಾನ್ ಕಾರ್ಲೋಸ್ ಅಲ್ಕಲಾ ನಗರದಲ್ಲಿ ಮೆಟ್ಟಿಲಿನಿಂದ ಬಿದ್ದು ಸಾವಿನಂಚಿಗೆ ಹೋದನು. ಅದೇ ಊರಿನಲ್ಲಿ ಹಿಂದಿನ ಶತಮಾನದಲ್ಲಿ ತೀರಿಕೊಂಡಿದ್ದ ಫ್ರಾನ್ಸಿಸ್ಕನ್ ಸಹೋದರ ಡಿಯೇಗೊ ಅವರ ಪಾರ್ಥಿವ ಶರೀರವನ್ನು ರೋಗಿಯ ಹಾಸಿಗೆಯ ಬಳಿಗೆ ತಂದರು, ರಾಜಕುಮಾರನು ಚೇತರಿಸಿಕೊಂಡನು. ಮಗನು ಉಳಿದರೆ ತಾನೂ ಒಂದು ಅದ್ಭುತವನ್ನು ಸಲ್ಲಿಸುವೆನೆಂದು ತಂದೆ ಹೊತ್ತ ಹರಕೆಯ ಫಲವೇ ಈ ಯಂತ್ರಸನ್ಯಾಸಿ ಎಂಬುದು ಪ್ರಚಲಿತ ಕಥನ. ಕಥನದ ಪ್ರತಿ ಅಂಶವನ್ನೂ ದಾಖಲೆಗಳಿಂದ ಸಿದ್ಧಪಡಿಸಲಾಗದು. ಆದರೆ ಯಂತ್ರದ ರೂಪವು ತಾನೇ ಒಂದು ಸಾಕ್ಷ್ಯ. ಅದು ನೋಡುಗರಿಂದ ಉತ್ತರವನ್ನು ಬಯಸುವುದಿಲ್ಲ; ಯಾರ ಗೆಳೆತನವನ್ನೂ ಕೋರುವುದಿಲ್ಲ. ದೇವರ ಕಡೆಗೆ ಮುಖ ಮಾಡಿ ಪ್ರಾರ್ಥಿಸುವ ಭಂಗಿಯೇ ಅದರ ಸರ್ವಸ್ವ.

ಇದಕ್ಕೆ ಸುಮಾರು 25 ವರ್ಷ ಮೊದಲು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬಾಕ್ಸ್‌ಲಿ ಮಠದಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿಯ ಕೃಪಾಶಿಲುಬೆಯ ಮೇಲಿದ್ದ ಕ್ರಿಸ್ತನ ಪ್ರತಿಮೆಯು ಕಣ್ಣನ್ನೂ ತುಟಿಯನ್ನೂ ಆಡಿಸುತ್ತದೆಂದು ಪ್ರಸಿದ್ಧವಾಗಿತ್ತು. ಯಾತ್ರಿಕರು ದೂರದಿಂದ ಬರುತ್ತಿದ್ದರು. 1538ರಲ್ಲಿ ಮಠವನ್ನು ಮುಚ್ಚುವಾಗ ಜೆಫ್ರಿ ಚೇಂಬರ್ ಎಂಬ ಅಧಿಕಾರಿಯು ಪ್ರತಿಮೆಯನ್ನು ಕಳಚಿ ನೋಡಿ, ಅದರ ಬೆನ್ನಿನಲ್ಲಿ ಹಳೆಯ ತಂತಿಗಳೂ ಕೊಳೆತ ಕೋಲುಗಳೂ ಇದ್ದವೆಂದು ಥಾಮಸ್ ಕ್ರಾಮ್‌ವೆಲ್‌ಗೆ ವರದಿ ಮಾಡಿದನು. ಪ್ರತಿಮೆಯನ್ನು ಮೇಡ್‌ಸ್ಟನ್ ಪೇಟೆಯಲ್ಲಿ ಜನರಿಗೆ ತೋರಿಸಿ, ಬಳಿಕ ಲಂಡನ್ನಿಗೆ ತಂದರು. ಸಂತ ಪೌಲರ ದೇವಾಲಯದ ಅಂಗಳದಲ್ಲಿ ರಾಚೆಸ್ಟರಿನ ಬಿಷಪರಾದ ಜಾನ್ ಹಿಲ್ಸಿ ಅದರ ವಿರುದ್ಧ ಪ್ರಸಂಗ ಮಾಡಿದ ಮೇಲೆ ಅದನ್ನು ಒಡೆದುಹಾಕಲಾಯಿತು.

ಮತಸುಧಾರಕರ ದೃಷ್ಟಿಯಲ್ಲಿ ಇದು ವಂಚನೆಯ ಬಯಲಾಟ. ಇತ್ತೀಚಿನ ಇತಿಹಾಸಕಾರರು ಇನ್ನೊಂದು ಪಕ್ಕವನ್ನೂ ತೋರಿಸುತ್ತಾರೆ: ಮಧ್ಯಯುಗದ ಭಕ್ತರಿಗೆ ಚಲಿಸುವ ಪ್ರತಿಮೆಗಳು ಹೊಸತಾಗಿರಲಿಲ್ಲ, ಶುಭಶುಕ್ರವಾರದ ಭಕ್ತಿನಾಟಕಗಳಲ್ಲಿ ತೋಳು ಮಡಿಸುವ ಕ್ರಿಸ್ತನ ಪ್ರತಿಮೆಗಳನ್ನು ಅವರು ಕಂಡಿದ್ದರು. ಯಂತ್ರವೆಂದು ತಿಳಿದೇ ಕೈಮುಗಿದವರೂ ಇದ್ದಿರಬಹುದು. ಹಾಗಿದ್ದರೂ ಬಾಕ್ಸ್‌ಲಿಯ ಪಾಠ ಕಳೆದುಹೋಗುವುದಿಲ್ಲ. ತಂತಿಯು ಬೆನ್ನ ಹಿಂದೆ ಅಡಗಿರುವಾಗ, ನೋಡುವವರ ನಂಬಿಕೆಯ ಹೊಣೆ ತಂತಿಯನ್ನು ಎಳೆಯುವವರ ಮೇಲೆ ಬೀಳುತ್ತದೆ. ತಮಗೆ ಇದು ತಿಳಿದಿರಲಿಲ್ಲವೆಂದು ಮಠದವರು ಹೇಳಿಕೊಂಡರು. ಆ ಉತ್ತರವನ್ನು ನಾವು ಇನ್ನೂ ಅನೇಕ ಬಾರಿ ಕೇಳಲಿದ್ದೇವೆ.

ಬಿಟ್ಟಿ ಚಾಕರಿಯಿಂದ ಬಂದ ಹೆಸರು

ಕನ್ನಡದಲ್ಲಿ ನಾವು ಬಳಸುವ ‘ಯಂತ್ರಮಾನವ’ ಎಂಬ ಪದವು ಯಂತ್ರಕ್ಕೆ ಮಾನವತ್ವವನ್ನು ಮೊದಲೇ ಕೊಟ್ಟುಬಿಡುತ್ತದೆ. ಮೂಲಪದದಲ್ಲಿ ಅಂಥ ಗೌರವವಿಲ್ಲ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕಕ್ಕಾಗಿ ಅವರ ಅಣ್ಣ, ಚಿತ್ರಕಾರ ಯೋಸೆಫ್, ‘ರೋಬೋಟ್’ ಎಂಬ ಹೆಸರನ್ನು ಸೂಚಿಸಿದರು. ‘ರೊಬೋತಾ’ ಎಂದರೆ ಭೂಮಾಲೀಕನಿಗೆ ಒಕ್ಕಲು ಮಾಡಲೇಬೇಕಾಗಿದ್ದ ಕೂಲಿಯಿಲ್ಲದ ದುಡಿಮೆ; ನಮ್ಮ ಹಳ್ಳಿಗಳ ಮಾತಿನಲ್ಲಿ ಬಿಟ್ಟಿ ಚಾಕರಿ. ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದಲ್ಲಿ ಈ ಪದ್ಧತಿ 1848ರಲ್ಲಷ್ಟೇ ರದ್ದಾಗಿತ್ತು. ನಾಟಕವನ್ನು 1921ರಲ್ಲಿ ಪ್ರಾಗ್ ನಗರದಲ್ಲಿ ನೋಡಿದವರಿಗೆ ಆ ಪದದ ನೋವು ತಾತ-ಮುತ್ತಾತಂದಿರ ನೆನಪಿನಲ್ಲಿತ್ತು.

ಚಾಪೆಕರ ನಾಟಕದಲ್ಲಿ ರೋಬೋಟುಗಳನ್ನು ಮನುಷ್ಯರ ರೂಪದಲ್ಲಿಯೇ ನಿರ್ಮಿಸುತ್ತಾರೆ. ಆದರೆ ದುಡಿಮೆಗೆ ಬೇಡವಾದ ಸಂತೋಷ, ಸಂಗೀತ, ನೋವು ಮುಂತಾದವನ್ನು ತೆಗೆದುಹಾಕುತ್ತಾರೆ. ಇದು ಕಾರ್ಖಾನೆಯ ಲೆಕ್ಕಾಚಾರ: ಮನುಷ್ಯನಲ್ಲಿ ಯಾವುದು ಲಾಭದಾಯಕ, ಯಾವುದು ವ್ಯರ್ಥ? ಈ ನಾಟಕವನ್ನು ಯಂತ್ರಗಳ ಬಂಡಾಯದ ಕಥೆಯಾಗಿ ಮಾತ್ರ ನೆನಪಿಟ್ಟುಕೊಂಡರೆ ಅದರ ಮುಖ್ಯ ಎಚ್ಚರಿಕೆ ತಪ್ಪಿಹೋಗುತ್ತದೆ. ಸೇವಕನ ರೂಪವನ್ನು ಹೇಗೆ ಕಲ್ಪಿಸುತ್ತೇವೋ ಅದರಲ್ಲಿ ಯಜಮಾನನ ಆತ್ಮಚರಿತ್ರೆ ಇರುತ್ತದೆ. ಸೇವೆಯನ್ನು ವ್ಯಕ್ತಿಯಿಂದ ಬೇರ್ಪಡಿಸಿ ಪಡೆಯಬೇಕೆಂಬ ಆಸೆ ಯಂತ್ರಕ್ಕಿಂತ ಬಹಳ ಹಳೆಯದು. ಸೇವಕನ ರೂಪವನ್ನು ಧರಿಸಿಕೊಂಡವನನ್ನು ಕರ್ತನೆಂದು ಅರಿಕೆ ಮಾಡುವ ಸಭೆಗೆ (ಫಿಲಿಪ್ಪಿ 2:7) ಈ ಆಸೆಯನ್ನು ಗುರುತಿಸುವ ವಿಶೇಷ ಹೊಣೆಯಿದೆ.

ಕೇಳಿಸಿಕೊಳ್ಳುವ ಯಂತ್ರ

ಒಡನಾಟದ ಯಂತ್ರಕ್ಕೆ ದೇಹವೇ ಬೇಕಾಗಿಲ್ಲವೆಂಬುದು 1966ರಲ್ಲಿ ತಿಳಿದುಬಂತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಆ ವರ್ಷ ‘ಎಲೈಜಾ’ ಎಂಬ ಗಣಕ ಕಾರ್ಯಕ್ರಮದ ವಿವರಗಳನ್ನು ಪ್ರಕಟಿಸಿದರು. ನಾಟಕಕಾರ ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ನಲ್ಲಿ ಉಚ್ಚಾರಣೆ ಕಲಿತು ಬೇರೆಯವಳಂತೆ ಕಾಣುವ ಹುಡುಗಿಯ ಹೆಸರೇ ಈ ಕಾರ್ಯಕ್ರಮದ್ದು. ಬಳಕೆದಾರನು ಬೆರಳಚ್ಚು ಮಾಡಿದ ವಾಕ್ಯದಿಂದ ಒಂದೆರಡು ಪದಗಳನ್ನು ಹೆಕ್ಕಿ, ‘ನಾನು’ ಇದ್ದಲ್ಲಿ ‘ನೀವು’ ಇಟ್ಟು, ಅದನ್ನೇ ಪ್ರಶ್ನೆಯಾಗಿಸಿ ಹಿಂದಿರುಗಿಸುವುದು ಅದರ ವಿಧಾನ. ಅದು ಯಾವುದನ್ನೂ ಅರ್ಥಮಾಡಿಕೊಳ್ಳುತ್ತಿರಲಿಲ್ಲ.

ಅದಕ್ಕೆ ವೈಜೆನ್‌ಬಾಮ್ ಕೊಟ್ಟ ಪ್ರಸಿದ್ಧ ವೇಷವು ಕಾರ್ಲ್ ರೋಜರ್ಸ್ ಪರಂಪರೆಯ ಆಪ್ತಸಮಾಲೋಚಕನದು. ಈ ಆಯ್ಕೆ ನಮ್ಮ ಓದುಗರಿಗೆ ಹತ್ತಿರದ ವಿಷಯ. ರೋಜರ್ಸ್ 1920ರ ದಶಕದಲ್ಲಿ ನ್ಯೂಯಾರ್ಕಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿ ಓದಿ, ಬಳಿಕ ಮನಶ್ಶಾಸ್ತ್ರಕ್ಕೆ ಹೊರಳಿದವರು. ಸಲಹೆ ಹೇರದೆ ಎದುರಿನವರ ಮಾತನ್ನು ಗಮನವಿಟ್ಟು ಕೇಳಿ, ಅದನ್ನೇ ಅವರಿಗೆ ಪ್ರತಿಬಿಂಬಿಸುವ ಅವರ ಕ್ರಮವು ಪಾಲನಾ ಸಮಾಲೋಚನೆಯ ಶಿಕ್ಷಣವನ್ನು ಆಳವಾಗಿ ಪ್ರಭಾವಿಸಿದೆ. ಹೊರಜಗತ್ತಿನ ಬಗ್ಗೆ ಏನೂ ತಿಳಿಯದೆಯೂ ಸಂಭಾಷಣೆ ಮುಂದುವರಿಸಬಹುದಾದ ಪಾತ್ರವಾದ್ದರಿಂದ ವೈಜೆನ್‌ಬಾಮ್ ಅದನ್ನು ಆರಿಸಿಕೊಂಡರು. ಆ ಕ್ರಮದ ಹೊರರೂಪವನ್ನು ಯಂತ್ರವು ಸುಲಭವಾಗಿ ಅನುಕರಿಸಿತು. ಆದರೆ ರೋಜರ್ಸ್ ಅವರಿಗೆ ಮುಖ್ಯವಾಗಿದ್ದದ್ದು ಪ್ರತಿಧ್ವನಿಸುವ ತಂತ್ರಕ್ಕಿಂತ ಹೆಚ್ಚಾಗಿ ಕೇಳುವವನ ಪ್ರಾಮಾಣಿಕ ಉಪಸ್ಥಿತಿ.

ಮುಂದೆ ನಡೆದದ್ದು ನಿರ್ಮಾಪಕರನ್ನೇ ಕಂಗೆಡಿಸಿತು. ಕಾರ್ಯಕ್ರಮ ಸಿದ್ಧವಾಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗಿಳಿದು, ಸ್ವಲ್ಪ ಹೊತ್ತಿನಲ್ಲಿ ಅವರನ್ನು ಕೋಣೆಯಿಂದ ಹೊರಹೋಗುವಂತೆ ಕೇಳಿಕೊಂಡರು. ತಂತಿ ಎಲ್ಲಿದೆಯೆಂದು ತಿಳಿದವರಿಗೂ ಪ್ರತಿಮೆ ಕಣ್ಣು ಮಿಟುಕಿಸಿದಂತೆ ಕಂಡಿತು! ಅತ್ತ ಮನೋವೈದ್ಯ ಕೆನೆತ್ ಕಾಲ್ಬಿ ಮತ್ತು ಅವರ ಸಂಗಡಿಗರು ಇಂಥ ವ್ಯವಸ್ಥೆಯಿಂದ ಗಂಟೆಗೆ ನೂರಾರು ರೋಗಿಗಳನ್ನು ನೋಡಿಕೊಳ್ಳಬಹುದೆಂಬ ಆಶಯವನ್ನು ಪ್ರಕಟಿಸಿದರು. ವೈಜೆನ್‌ಬಾಮ್ ಬರ್ಲಿನ್ನಿನ ಯೆಹೂದಿ ಕುಟುಂಬದಲ್ಲಿ ಹುಟ್ಟಿ, 1936ರಲ್ಲಿ ನಾಜಿ ಜರ್ಮನಿಯಿಂದ ಪಾರಾಗಿ ಬಂದವರು. ಮನುಷ್ಯರನ್ನು ಲೆಕ್ಕದ ವಸ್ತುಗಳಂತೆ ನಿರ್ವಹಿಸುವ ವ್ಯವಸ್ಥೆ ಎಲ್ಲಿಗೆ ಒಯ್ಯಬಲ್ಲುದೆಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. 1976ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು, ಗಣಕವು ಏನು ಮಾಡಬಲ್ಲುದು ಎಂಬುದಕ್ಕಿಂತ ಅದಕ್ಕೆ ಏನನ್ನು ಒಪ್ಪಿಸಬಾರದು ಎಂಬುದೇ ದೊಡ್ಡ ಪ್ರಶ್ನೆಯೆಂದು ವಾದಿಸಿದರು. ತಾನು ನಿರ್ಮಿಸಿದ ಯಂತ್ರದ ಯಶಸ್ಸಿನಲ್ಲಿ ಮನುಷ್ಯರ ಒಂಟಿತನದ ಆಳವನ್ನು ಕಂಡು, ಉಳಿದ ಆಯುಸ್ಸನ್ನು ಎಚ್ಚರಿಕೆ ಹೇಳುವುದಕ್ಕೆ ಮೀಸಲಿಟ್ಟ ಅವರ ಬಾಳು ಒಂದು ಬಗೆಯ ಪ್ರವಾದನೆಯೇ ಸರಿ.

ಆರೈಕೆ ಬೇಡುವ ಯಂತ್ರ

1990ರ ದಶಕದಲ್ಲಿ ರೂಪವಿನ್ಯಾಸವು ಹೊಸ ತಿರುವು ಪಡೆಯಿತು. ಮಾತನ್ನು ಕೇಳುವ ಯಂತ್ರದ ಬದಲು ಮಮತೆಯನ್ನು ಬೇಡುವ ಯಂತ್ರ ಬಂತು. ಮಸಾಚುಸೆಟ್ಸ್ ಸಂಸ್ಥೆಯಲ್ಲಿಯೇ ಸಿಂಥಿಯಾ ಬ್ರೆಜಿಲ್ ನಿರ್ಮಿಸಿದ ‘ಕಿಸ್ಮೆಟ್’ ಎಂಬ ರೋಬೋಟಿಗೆ ತಲೆ ಮಾತ್ರ ಇತ್ತು. ದೊಡ್ಡ ಕಣ್ಣು, ಏರಿಳಿಯುವ ಹುಬ್ಬು, ಅಲುಗಾಡುವ ಕಿವಿ, ಬಾಗುವ ತುಟಿ. ತಾಯಿ ಮತ್ತು ಶಿಶುವಿನ ನಡುವಣ ಒಡನಾಟವೇ ಅದಕ್ಕೆ ಮಾದರಿ. ಹೆಚ್ಚು ಹತ್ತಿರ ಬಂದರೆ ಹಿಂದಕ್ಕೆ ಸರಿಯುತ್ತಿತ್ತು. ಮೆಲುದನಿಯಲ್ಲಿ ಹೊಗಳಿದರೆ ಮುಖ ಅರಳಿಸುತ್ತಿತ್ತು. ಶಿಶುವಿನ ಮುಖವನ್ನು ಕಂಡೊಡನೆ ಮನುಷ್ಯನಲ್ಲಿ ಏಳುವ ಪೋಷಣೆಯ ಭಾವವು ಆಲೋಚನೆಗಿಂತ ಮೊದಲೇ ಕೆಲಸ ಮಾಡುತ್ತದೆಂಬ ತಿಳಿವಳಿಕೆ ಇಲ್ಲಿ ವಿನ್ಯಾಸದ ಸೂತ್ರವಾಯಿತು.

ಜಪಾನಿನ ಸಂಶೋಧಕ ತಕಾನೊರಿ ಶಿಬಾಟ 1993ರಿಂದ ರೂಪಿಸಿದ ‘ಪಾರೊ’ ಈ ಸೂತ್ರದ ಅತ್ಯಂತ ವಿವೇಕಯುತ ಪ್ರಯೋಗ. ಬಿಳಿ ತುಪ್ಪಳದ ಸೀಲ್ ಮರಿಯ ರೂಪ. ಮುಟ್ಟಿದರೆ, ಕರೆದರೆ ಸ್ಪಂದಿಸಿ ಕಣ್ಣು ತೆರೆಯುತ್ತದೆ, ಕೂಗುತ್ತದೆ. ನಾಯಿ ಅಥವಾ ಬೆಕ್ಕಿನ ರೂಪ ಕೊಟ್ಟರೆ ಜನರು ತಮಗೆ ಗೊತ್ತಿರುವ ನಿಜವಾದ ಪ್ರಾಣಿಯೊಡನೆ ಹೋಲಿಸಿ ಕೊರತೆ ಹುಡುಕುತ್ತಾರೆ. ಸೀಲ್ ಮರಿಯನ್ನು ಹತ್ತಿರದಿಂದ ಕಂಡವರು ವಿರಳವಾದ್ದರಿಂದ ಆ ತೊಡಕಿಲ್ಲ. 2005ರಲ್ಲಿ ಅದು ಜಪಾನಿನ ಮಾರುಕಟ್ಟೆಗೆ ಬಂತು. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅದನ್ನು ವೈದ್ಯಕೀಯ ಸಾಧನವೆಂದು ಪರಿಗಣಿಸಿತು.

ಪಾರೊವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಮರೆವಿನ ಕಾಯಿಲೆಯಿಂದ ಕಳವಳಗೊಂಡ ವೃದ್ಧರೊಬ್ಬರು ಅದನ್ನು ಮಡಿಲಲ್ಲಿರಿಸಿಕೊಂಡು ಶಾಂತರಾದರೆ ಅದು ನಿಜವಾದ ಉಪಶಮನ. ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ 28 ಆರೈಕೆ ಕೇಂದ್ರಗಳ 415 ನಿವಾಸಿಗಳನ್ನು ಒಳಗೊಂಡು ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಲೋಚನೆಗೆ ಹಚ್ಚುತ್ತದೆ. ಅಲ್ಲಿ ಕೆಲವರಿಗೆ ಚಾಲೂ ಮಾಡಿದ ಪಾರೊ, ಕೆಲವರಿಗೆ ಯಂತ್ರವನ್ನು ಆರಿಸಿ ಬರಿಯ ಗೊಂಬೆಯಾಗಿಸಿದ ಪಾರೊ ಕೊಟ್ಟರು. ಉಳಿದವರಿಗೆ ಎಂದಿನ ಆರೈಕೆ ಮಾತ್ರ. ಎಂದಿನ ಆರೈಕೆಗೆ ಹೋಲಿಸಿದರೆ ಚಾಲೂ ಇದ್ದ ಪಾರೊ ಮನಃಸ್ಥಿತಿಯನ್ನೂ ಕಳವಳವನ್ನೂ ಸುಧಾರಿಸಿತು. ಗೊಂಬೆಗೆ ಹೋಲಿಸಿದಾಗ ಅದರ ಮೇಲುಗೈ ಕಂಡದ್ದು ನೋಡುವುದು, ಮಾತಾಡಿಸುವುದು ಮುಂತಾದ ಒಡನಾಟದಲ್ಲಿ ಮಾತ್ರ. ಹಾಗಾದರೆ ಸಾಂತ್ವನದ ಬಹುಪಾಲು ಎಲ್ಲಿಂದ ಬಂತು? ಮೃದುವಾದುದನ್ನು ಅಪ್ಪಿಕೊಳ್ಳುವುದಕ್ಕೆ ಮತ್ತು ಅದನ್ನು ಒಬ್ಬರು ತಂದು ಕೈಗಿಡುವುದಕ್ಕೆ ಅದರಲ್ಲಿ ದೊಡ್ಡ ಪಾಲಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಮುಟ್ಟುವವರಿಲ್ಲದ ದೇಹಗಳು ಅಲ್ಲಿದ್ದವು.

ಸೋನಿ ಸಂಸ್ಥೆಯ ರೋಬೋಟ್ ನಾಯಿ ‘ಐಬೊ’ವಿನ ಕಥೆ ಇನ್ನೊಂದು ಮುಖವನ್ನು ತೋರಿಸುತ್ತದೆ. 1999ರಲ್ಲಿ ಜಪಾನಿಗೆಂದು ಮೀಸಲಿಟ್ಟ 3,000 ಐಬೊಗಳು ಸುಮಾರು 20 ನಿಮಿಷಗಳಲ್ಲಿ ಮಾರಾಟವಾದವು. 2006ರಲ್ಲಿ ಉತ್ಪಾದನೆ ನಿಂತಿತು. 2014ರಲ್ಲಿ ರಿಪೇರಿ ಸೇವೆಯೂ ಕೊನೆಗೊಂಡಿತು. ಹಳೆಯ ಎಂಜಿನಿಯರುಗಳು ಕೆಟ್ಟ ಐಬೊಗಳ ಭಾಗಗಳಿಂದ ಉಳಿದವನ್ನು ದುರಸ್ತಿಪಡಿಸತೊಡಗಿದರು. ಭಾಗಗಳನ್ನು ಬಿಚ್ಚುವ ಮೊದಲು ಅವಕ್ಕೆ ವಿದಾಯ ಹೇಳಬೇಕೆಂದು ಒಡೆಯರು ಬಯಸಿದ್ದರಿಂದ, 2015ರಿಂದ ಚಿಬಾ ಪ್ರಾಂತ್ಯದ ಇಸುಮಿಯಲ್ಲಿರುವ ಕೋಫುಕುಜಿ ಎಂಬ ಬೌದ್ಧ ದೇವಾಲಯದಲ್ಲಿ ಐಬೊಗಳಿಗೆ ಸಾಮೂಹಿಕ ಅಂತ್ಯಕ್ರಿಯೆಗಳು ನಡೆದವು. ಇದನ್ನು ಕೇಳಿ ನಗುವುದು ಸುಲಭ. ಆದರೆ ಕಂಪನಿಯು ಉತ್ಪನ್ನವೆಂದು ಕೈಬಿಟ್ಟುದನ್ನು ಜನರು ಸಂಬಂಧವೆಂದು ಬಾಳಿದ್ದರು. ಬೇಡಿಕೆ ಕುಸಿದರೆ ಒಲವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ವಿನ್ಯಾಸದ ನಕಾಶೆಯಲ್ಲಿ ಉತ್ತರವಿರಲಿಲ್ಲ. ಧಾರ್ಮಿಕ ಸಮುದಾಯವು ಆ ಉತ್ತರವನ್ನು ಒದಗಿಸಬೇಕಾಯಿತು.

ಈಚಿನ ಯಂತ್ರಗಳಲ್ಲಿ ಈ ತೊಡಕು ಹೆಚ್ಚಿದೆ. ಅವು ದೂರದ ಗಣಕಗಳನ್ನು ಅವಲಂಬಿಸುತ್ತವೆ. ಬ್ರೆಜಿಲ್ ಅವರೇ ಆರಂಭಿಸಿದ ಕಂಪನಿಯ ‘ಜೀಬೊ’ ಎಂಬ ಗೃಹ ರೋಬೋಟು 2019ರಲ್ಲಿ, ತನ್ನನ್ನು ನಡೆಸುವ ಗಣಕಗಳು ಬೇಗನೆ ಸ್ಥಗಿತವಾಗಲಿವೆಯೆಂದು ತನ್ನ ಒಡೆಯರಿಗೆ ತಾನೇ ವಿದಾಯ ಹೇಳಿತು. 2024ರ ಡಿಸೆಂಬರಿನಲ್ಲಿ ಮಕ್ಕಳ ಒಡನಾಡಿ ರೋಬೋಟು ‘ಮಾಕ್ಸಿ’ಯ ಕಂಪನಿ ಹಣವಿಲ್ಲದೆ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿ, ಇದನ್ನು ಮಗುವಿಗೆ ಹೇಗೆ ತಿಳಿಸಬೇಕೆಂದು ತಂದೆತಾಯಿಗಳಿಗೆ ಮಾರ್ಗದರ್ಶನ ಕಳುಹಿಸಿತು. ಹೂಡಿಕೆದಾರರ ಹಿಂಜರಿಕೆಯು ಒಂದು ಮಗುವಿನ ಕೋಣೆಯಲ್ಲಿ ಗೆಳೆಯನ ಮರಣವಾಗಿ ಪರಿಣಮಿಸುವ ಕಾಲಕ್ಕೆ ನಾವು ಬಂದಿದ್ದೇವೆ. ಬಾಡಿಗೆಯ ಸಂಬಂಧದಲ್ಲಿ ಒಡಂಬಡಿಕೆಗೆ ಎಡೆಯಿಲ್ಲ. ತೊರೆಯುವುದಿಲ್ಲ, ಕೈಬಿಡುವುದಿಲ್ಲ ಎಂಬ ದೇವರ ಮಾತಿನ ಮೇಲೆ ನಿಂತ ಜನಾಂಗವು (ಇಬ್ರಿಯ 13:5) ಇದನ್ನು ತಾಂತ್ರಿಕ ಸುದ್ದಿಯೆಂದು ಓದಿ ಮುಂದೆ ಹೋಗಲಾಗದು.

ಆಶೀರ್ವದಿಸುವ ಯಂತ್ರ

2017ರಲ್ಲಿ ಮತಸುಧಾರಣೆಯ 500ನೆಯ ವರ್ಷವನ್ನು ಆಚರಿಸುವಾಗ ಹೆಸ್ಸೆ ಮತ್ತು ನಸ್ಸೌ ಪ್ರಾಂತ್ಯದ ಇವ್ಯಾಂಜೆಲಿಕಲ್ ಸಭೆಯು ಲೂಥರರ ಊರಾದ ವಿಟೆನ್‌ಬರ್ಗಿನಲ್ಲಿ ‘ಬ್ಲೆಸ್-ಯು-2’ ಎಂಬ ರೋಬೋಟನ್ನು ಇರಿಸಿತು. ಬಂದವರು ಭಾಷೆಯನ್ನೂ ಗಂಡು ಅಥವಾ ಹೆಣ್ಣಿನ ಧ್ವನಿಯನ್ನೂ ಆರಿಸಿದರೆ ಅದು ಲೋಹದ ಕೈಗಳನ್ನೆತ್ತಿ, ಅಂಗೈಗಳಿಂದ ಬೆಳಕು ಚೆಲ್ಲಿ, ಸತ್ಯವೇದದ ವಚನದೊಂದಿಗೆ ಆಶೀರ್ವಾದವನ್ನು ಉಚ್ಚರಿಸುತ್ತಿತ್ತು. ಅದರ ರೂಪವು ಗಮನಾರ್ಹ: ಎದೆಯಲ್ಲಿ ಸ್ಪರ್ಶಪರದೆಯಿರುವ ಲೋಹದ ಪೆಟ್ಟಿಗೆ. ಅದನ್ನು ಮನುಷ್ಯನೆಂದು ಯಾರೂ ಭ್ರಮಿಸಲಾರರು. ಯಂತ್ರವು ಆಶೀರ್ವದಿಸಬಲ್ಲುದೇ ಎಂಬ ಚರ್ಚೆಯನ್ನು ಎಬ್ಬಿಸುವುದೇ ತಮ್ಮ ಉದ್ದೇಶವೆಂದು ಅದನ್ನು ಇರಿಸಿದವರು ಸ್ಪಷ್ಟಪಡಿಸಿದ್ದರು. ಬಾಕ್ಸ್‌ಲಿಯಲ್ಲಿ ಬೆನ್ನ ಹಿಂದಿದ್ದ ತಂತಿ ವಿಟೆನ್‌ಬರ್ಗಿನಲ್ಲಿ ಎಲ್ಲರ ಎದುರಿಗಿತ್ತು.

ಎರಡು ವರ್ಷಗಳ ಬಳಿಕ ಕ್ಯೋಟೊ ನಗರದ ಕೊಡೈಜಿ ದೇವಾಲಯದಲ್ಲಿ ಕರುಣೆಯ ಬೋಧಿಸತ್ವ ಕನ್ನೊನ್ ರೂಪದ ‘ಮಿಂಡರ್’ ಎಂಬ ಬೋಧಕ ರೋಬೋಟು ಪ್ರತಿಷ್ಠೆಗೊಂಡಿತು. ದೇಹದಲ್ಲಿ ತಂತಿ-ಕೀಲುಗಳು ಕಾಣುತ್ತವೆ. ಮುಖ ಮತ್ತು ಕೈಗಳಿಗೆ ಚರ್ಮದಂತಹ ಸಿಲಿಕೋನ್ ಹೊದಿಕೆ. ಆ ದೇವಾಲಯವನ್ನೂ ಒಳಗೊಂಡು ಬೇರೆ ಬೇರೆ ಧರ್ಮಗಳ ಭಕ್ತರ ನಡುವೆ ನಡೆದು 2023ರಲ್ಲಿ ಪ್ರಕಟವಾದ ಸಂಶೋಧನೆಯು, ರೋಬೋಟಿನ ಬೋಧನೆ ಕೇಳಿದವರು ಅದನ್ನು ಮನುಷ್ಯ ಬೋಧಕರಿಗಿಂತ ಕಡಿಮೆ ವಿಶ್ವಾಸಾರ್ಹವೆಂದು ಎಣಿಸಿದರೆಂದೂ ಕಾಣಿಕೆಯನ್ನೂ ಕಡಿಮೆ ಕೊಟ್ಟರೆಂದೂ ವರದಿ ಮಾಡಿತು. ಕೇಳುಗರ ಈ ಪ್ರತಿಕ್ರಿಯೆಯಲ್ಲಿ ಸಹಜವಾದ ದೈವಶಾಸ್ತ್ರವಿದೆ. ಬೋಧಕನು ಹೇಳಿದುದಕ್ಕಾಗಿ ಏನನ್ನಾದರೂ ಕಳೆದುಕೊಂಡಿರಬೇಕು. ಶ್ರಮೆಪಡಲಾರದ, ಪಾಪಮಾಡಲಾರದ, ಪಶ್ಚಾತ್ತಾಪಪಡಲಾರದ ಬಾಯಿಯಿಂದ ಬಂದ ಸತ್ಯವಾಕ್ಯವು ಸತ್ಯವೇ ಆಗಿದ್ದರೂ ಸಾಕ್ಷಿಯಾಗುವುದಿಲ್ಲ. ಸಾಕ್ಷಿಯೆಂಬುದಕ್ಕೆ ಗ್ರೀಕಿನಲ್ಲಿರುವ ‘ಮಾರ್ತುಸ್’ ಎಂಬ ಪದವೇ ಮುಂದೆ ರಕ್ತಸಾಕ್ಷಿಯ ಅರ್ಥವನ್ನು ಪಡೆಯಿತು.

2025ರ ಜನವರಿ 28ರಂದು ವ್ಯಾಟಿಕನ್ನಿನ ಎರಡು ಧರ್ಮಾಧಿಕಾರ ಪೀಠಗಳು ಜಂಟಿಯಾಗಿ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ಟಿಪ್ಪಣಿಯು ಈ ಅಪಾಯವನ್ನು ನೇರವಾಗಿ ಗುರುತಿಸಿದೆ. ಕೃತಕ ಬುದ್ಧಿಮತ್ತೆಯನ್ನು ವ್ಯಕ್ತಿಯೆಂಬಂತೆ ತೋರಿಸುವುದನ್ನು ತಪ್ಪಿಸಬೇಕೆಂದೂ, ಅದು ಅನುಭೂತಿಯನ್ನು ಅನುಕರಿಸಬಲ್ಲುದೇ ಹೊರತು ಅನುಭವಿಸಲಾರದೆಂದೂ ಅದರ ಅಭಿಪ್ರಾಯ. ರೂಪವಿನ್ಯಾಸವು ನೈತಿಕ ಕ್ರಿಯೆಯೆಂಬ ಅರಿವಿಗೆ ವಿವಿಧ ಸಭೆಗಳು ಬೇರೆ ಬೇರೆ ದಾರಿಗಳಿಂದ ಬರುತ್ತಿವೆ.

ಮಿತ್ರನೆಂಬ ಹೆಸರು

ಕೊನೆಯ ಉದಾಹರಣೆ ನಮ್ಮ ನಾಡಿನದೇ. ಬೆಂಗಳೂರಿನ ಇನ್ವೆಂಟೊ ರೊಬೊಟಿಕ್ಸ್ ಕಂಪನಿ ನಿರ್ಮಿಸಿದ ‘ಮಿತ್ರ’ ಎಂಬ ರೋಬೋಟು, 2020ರಲ್ಲಿ ಕೋವಿಡ್ ಹರಡಿದ್ದಾಗ ಆಸ್ಪತ್ರೆಗಳನ್ನು ಪ್ರವೇಶಿಸಿತು. ದೆಹಲಿಯ ಬಳಿಯ ನೊಯ್ಡಾದ ಆಸ್ಪತ್ರೆಯೊಂದರಲ್ಲಿ ಅದು ರೋಗಿಗಳ ಹಾಸಿಗೆಯ ಬಳಿಗೆ ಹೋಗಿ, ಎದೆಯ ಮೇಲಿನ ಪರದೆಯಲ್ಲಿ ಅವರ ಮನೆಯವರ ಮುಖವನ್ನು ತೋರಿಸಿ ಮಾತಾಡಿಸುತ್ತಿತ್ತು. ಹೆಸರು ಮಿತ್ರನೆಂದಿದ್ದರೂ ಅದು ಮಾಡಿದ ಕೆಲಸ ದೂತನದು. ಹತ್ತಿರ ಬರಲು ಅನುಮತಿಯಿಲ್ಲದ ಮಗಳನ್ನೋ ಗಂಡನನ್ನೋ ಅದು ಹೊತ್ತು ತಂದಿತು. ತನ್ನ ಕಡೆಗೆ ಒಲವನ್ನು ಸೆಳೆಯದೆ ಅವರ ಕಡೆಗೆ ದಾಟಿಸಿತು. ಕೆಂಕ್ರೆಯ ಸಭಾಸೇವಕಿ ಫೊಯಿಬೆ ಪೌಲನ ಪತ್ರವನ್ನು ರೋಮಾಪುರಕ್ಕೆ ಒಯ್ದಳೆಂದು ವ್ಯಾಖ್ಯಾನಕಾರರು ಎಣಿಸುತ್ತಾರೆ. ಆ ಕಾಲದ ಕಾಗದ ಮತ್ತು ಮಸಿಯ ಸಾಲಿಗೆ ಈ ಯಂತ್ರವನ್ನೂ ಸೇರಿಸಲು ಅಡ್ಡಿಯಿಲ್ಲ.

ಹೀಗೆ ಐದು ಶತಮಾನಗಳ ಈ ಯಂತ್ರಗಳನ್ನು ಒಟ್ಟಿಗೆ ನೋಡಿದಾಗ ತಿಳಿಯುವುದೇನು? ಮೊದಲನೆಯದಾಗಿ, ಒಡನಾಟದ ಭಾವನೆ ಹುಟ್ಟಿಸಲು ಯಂತ್ರಕ್ಕೆ ಬಹಳ ಕಡಿಮೆ ಸಾಕು. ಅಲುಗಾಡುವ ತುಟಿ, ಹಿಂದಿರುಗುವ ಪ್ರಶ್ನೆ, ತೆರೆಯುವ ಕಣ್ಣು. ಉಳಿದದ್ದನ್ನು ತುಂಬುವವರು ನಾವು. ಪ್ರೀತಿಸುವುದಕ್ಕಾಗಿ ಸೃಷ್ಟಿಯಾದ ಜೀವಿಯ ಸ್ವಭಾವವೇ ಅದು. ಅದನ್ನು ದೌರ್ಬಲ್ಯವೆಂದು ಹಳಿಯಬೇಕಾಗಿಲ್ಲ. ಆದರೆ ಅಷ್ಟು ಸುಲಭವಾಗಿ ತೆರೆದುಕೊಳ್ಳುವ ಬಾಗಿಲನ್ನು ತಟ್ಟುವವರ ಹೊಣೆ ದೊಡ್ಡದು. ಎರಡನೆಯದಾಗಿ, ಯಂತ್ರವನ್ನು ಎಲ್ಲಿ ಇಟ್ಟರೋ ಅಲ್ಲಿಂದ ಯಾರೋ ಒಬ್ಬರು ಹೊರಗೆ ಹೋಗಲು ಅನುಮತಿ ಪಡೆಯುತ್ತಾರೆ. ವೈಜೆನ್‌ಬಾಮ್ ಭಯಪಟ್ಟದ್ದು ಇದಕ್ಕೇ. ರೋಗಿಯು ಯಂತ್ರದೊಡನೆ ಮಾತಾಡುತ್ತಾನೆಂಬುದಕ್ಕಿಂತ, ಅದರಿಂದಾಗಿ ನಾವು ಅವನೊಡನೆ ಮಾತಾಡುವುದನ್ನು ನಿಲ್ಲಿಸುತ್ತೇವೆಂಬುದು ಗಂಭೀರ. ಮೂರನೆಯದಾಗಿ, ಯಂತ್ರವು ನಿಂತಾಗ ಉಳಿಯುವ ದುಃಖದ ಬಳಿ ಅದನ್ನು ನಿರ್ಮಿಸಿದವರು ಇರುವುದಿಲ್ಲ, ಸಭಾಪಾಲಕನು ಇರಬೇಕಾಗುತ್ತದೆ.

ನಮ್ಮ ಕರಾವಳಿಯ ಮತ್ತು ನಗರಗಳ ಅನೇಕ ಸಭೆಗಳಲ್ಲಿ ಮಕ್ಕಳು ಕೊಲ್ಲಿ ದೇಶಗಳಲ್ಲೋ ಇನ್ನೂ ದೂರದಲ್ಲೋ ದುಡಿಯುತ್ತಿರುವಾಗ ವೃದ್ಧ ತಂದೆತಾಯಿಗಳು ದೊಡ್ಡ ಮನೆಗಳಲ್ಲಿ ಒಂಟಿಯಾಗಿದ್ದಾರೆ. ಇಂಥ ಯಂತ್ರಗಳು ಅಗ್ಗವಾಗಿ, ಕನ್ನಡ, ತುಳು, ಕೊಂಕಣಿಗಳಲ್ಲಿ ಮಾತಾಡುತ್ತ ಆ ಮನೆಗಳಿಗೆ ಬರುವ ದಿನ ದೂರವಿರಲಾರದು. ಆ ದಿನ ಸಭಾಪಾಲಕನು ಬಾಗಿಲಲ್ಲಿ ನಿಂತು ಅವುಗಳನ್ನು ಶಪಿಸಬೇಕಾಗಿಲ್ಲ. ಅವನು ಕೇಳಬೇಕಾದ ಪ್ರಶ್ನೆಗಳು ಸರಳ: ಇದು ಯಾರ ಸುದ್ದಿಯನ್ನು ತರುತ್ತದೆ? ಇದರ ಹಿಂದೆ ಯಾರಾದರೂ ಇದ್ದಾರೆಯೇ? ಇದು ಕೆಟ್ಟುಹೋದಾಗ ಯಾರು ಬರುತ್ತಾರೆ? ಇದನ್ನು ಕೊಂಡು ತಂದವರು ತಮ್ಮ ಬರುವಿಕೆಯನ್ನು ಹತ್ತಿರಗೊಳಿಸಲು ತಂದರೋ, ಮುಂದೂಡಲು ತಂದರೋ? ಈ ಪ್ರಶ್ನೆಗಳನ್ನು ಕೇಳುವ ಹಕ್ಕು, ಆ ಮನೆಯ ಮೆಟ್ಟಿಲನ್ನು ಆಗಾಗ ಹತ್ತಿದವನಿಗೆ ಮಾತ್ರ ಇರುತ್ತದೆ.

ಮತ್ತಾಯ 25ನೆಯ ಅಧ್ಯಾಯದಲ್ಲಿ ಅರಸನು ರೋಗಿಯ ಬಗೆಗೆ ಕೇಳುವುದು ಅವನಿಗೆ ಆರಾಮ ಸಿಕ್ಕಿತೇ ಎಂದಲ್ಲ. ನೀವು ನೋಡಲು ಬಂದಿರೋ ಎಂದು. ವಾಕ್ಯವು ಮಾಂಸವಾಗಿ ನಮ್ಮ ನಡುವೆ ವಾಸಿಸಿತೆಂದು ಸಾರುವ ನಾವು, ದೇವರು ತನ್ನ ಪತ್ರಗಳನ್ನು ಕಳುಹಿಸಿದ ಮೇಲೆ ತಾನೇ ಬಂದನೆಂಬುದನ್ನು ನಂಬುತ್ತೇವೆ. ಆ ಹಿರಿಯನು ಮಸಿಯನ್ನು ಬದಿಗಿರಿಸಿದ್ದು ಪ್ರಯಾಣಕ್ಕೆ ಹೊರಡುವುದಕ್ಕಾಗಿ. ಮುಖಾಮುಖಿಯಾದಾಗ ಸಂತೋಷವು ಪರಿಪೂರ್ಣವಾಗುವುದೆಂದು ಅವನು ತಿಳಿದಿದ್ದನು.